ಬಲಗಡೆಯ ಮುಂದಿನ ಚಕ್ರ

ಗಂಡನ ಹೆಸರನ್ನು ಬಾಯಲ್ಲಿ ಹೇಳುವ ಅಭ್ಯಾಸ ನನಗಿಲ್ಲ. ಅರಸೀಕೆರೆಯಿಂದ ಬಾಣಾವರದ ಕಡೆ ಹೊರಟರೆ ಊರು ಮುಗಿಯುವ ಹೊತ್ತಿಗೆ ತಗಡಿನ ಶೆಡ್ಡೊಂದು ಸಿಗುತ್ತದೆ. ಅದರ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆಸಿದ್ದಾರೆ, ಬೇಕಾದವರು ಓದಿಕೊಳ್ಳಲಿ. ನನಗೆ ಅವರು ‘ಇವರು’, ಅಷ್ಟೇ. ಮದುವೆಯಾದಾಗಿನಿಂದ ಎಷ್ಟು ಜಗಳವಾಡಿದ್ದೇನೋ ಶಿವನೇ ಬಲ್ಲ, ಎಲ್ಲವನ್ನೂ ಹೆಸರು ಹಿಡಿಯದೆಯೇ ಆಡಿದ್ದೇನೆ.

ಇವರ ಕಸುಬು ಹಳೇ ಕಾರುಗಳ ರಿಪೇರಿ. ರಿಪೇರಿ ಅಂದರೆ ಇವರ ಮುಖ ಸಿಂಡರಿಸುತ್ತದೆ. ತೆಂಗಿನ ತೋಟದ ಮೂಲೆಯಲ್ಲಿ ಕೋಳಿ ಮೊಟ್ಟೆ ಇಡುತ್ತಿದ್ದ ಫಿಯೆಟ್ಟನ್ನು ಎಳೆದು ತಂದು, ಒಂದೊಂದು ತುಣುಕನ್ನೂ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿ ರಸ್ತೆಗೆ ಬಿಡುವುದಕ್ಕೆ ರಿಪೇರಿ ಅನ್ನಬಾರದಂತೆ. ಸರಿ, ಅನ್ನುವುದಿಲ್ಲ. ನಾನು ಕಂಡ ಮಟ್ಟಿಗೆ ಈ ಕೆಲಸದ ಮುಕ್ಕಾಲು ಪಾಲು ತುಕ್ಕು ಹಿಡಿದು ಕಚ್ಚಿಕೊಂಡ ಬೋಲ್ಟುಗಳ ಜೊತೆ ಗುದ್ದಾಟ. ಅಂಥ ಬೋಲ್ಟನ್ನು ಇವರು ಒಂದೇ ಏಟಿಗೆ ತಿರುಗಿಸಿದವರಲ್ಲ. ತಂತಿ ಬ್ರಷ್ಷಿನಿಂದ ಉಜ್ಜಬೇಕು, ತೆಳು ಎಣ್ಣೆ ಬಿಟ್ಟು ನೆನೆಯಲು ಬಿಡಬೇಕು, ಮಾರನೇ ದಿನ ತಲೆಯ ಮೇಲೆ ಸುತ್ತಿಗೆಯಿಂದ ಮೆತ್ತಗೆ ತಟ್ಟಬೇಕು. ಮೊದಲು ಬಿಗಿಯುವ ಕಡೆಗೆ ಒಂದು ಎಳೆಯಷ್ಟು, ಆಮೇಲೆ ಬಿಚ್ಚುವ ಕಡೆಗೆ ಒಂದು ಎಳೆಯಷ್ಟು. ಮತ್ತೆ ಎಣ್ಣೆ. ಊಟಕ್ಕೆ ಕರೆದೂ ಕರೆದೂ ನನ್ನ ಗಂಟಲು ಒಣಗಿದರೂ, ಸಾರು ಆರಿ ತಣ್ಣಗಾದರೂ, ಅವರ ಬೋಲ್ಟಿಗೆ ಮಾತ್ರ ಅವಸರ ಮಾಡುವ ಹಾಗಿಲ್ಲ.

ಬಿಚ್ಚುವುದಕ್ಕಿಂತ ಹಾಕುವುದರಲ್ಲಿ ಇವರ ಮಡಿ ಇನ್ನೂ ಜಾಸ್ತಿ. ಥ್ರೆಡ್ಡಿನ ಸಂದಿಯಲ್ಲಿ ಒಂದು ಕಣ ಹಳೇ ತುಕ್ಕು ಇರಬಾರದು. ಒಣ ಬೋಲ್ಟು ಒಳಗೆ ಹೋಗಬಾರದು. ಬೆಂಕಿಯಂತೆ ಕಾಯುವ ಸೈಲೆನ್ಸರ್ ಪೈಪಿನ ಕಡೆಗೆ ತಾಮ್ರದ ಪುಡಿ ಬೆರೆತ ಗ್ರೀಸು, ಕೆಸರು ಸಿಡಿಯುವ ಕಡೆಗೆ ಬೇರೆ ಗ್ರೀಸು, ಹೊರಗೆ ಇಣುಕುವ ತುದಿಗೆ ಮೇಣ. “ಒಣ ಬೋಲ್ಟು ಹಾಕೋನು ಮುಂದೆ ಬಿಚ್ಚೋನ ಹೊಟ್ಟೆ ಮೇಲೆ ಹೊಡೀತಾನೆ ಕಣೇ” ಎನ್ನುತ್ತಿದ್ದರು. “ನಾನು ಹಾಕಿದ ಬೋಲ್ಟಿಗೆ ಹತ್ತು ವರ್ಷ ಯಾರೂ ಕೈ ಹಚ್ಚಬೇಕಿಲ್ಲ” ಎಂದೂ ಎನ್ನುತ್ತಿದ್ದರು. ಈ ಎರಡನೇ ಮಾತು ನನಗೆ ಯಾವತ್ತೂ ಹಿಡಿಸಲಿಲ್ಲ. ಮನುಷ್ಯನಿಗೆ ಅಷ್ಟು ಜಂಬ ಇರಬಾರದು.

ಇಷ್ಟೆಲ್ಲ ಶಿಸ್ತಿನ ಮನುಷ್ಯನ ಒಳಗೆ ಒಂದು ಅಳುಕಿತ್ತು. ನಮ್ಮ ಮಾವನವರು ಮಠದ ಕಡೆಯವರು, ಮನೆ ಮನೆಗೆ ಹೋಗಿ ಪೂಜೆ ಮಾಡಿಸುತ್ತಿದ್ದ ಅಯ್ಯನೋರು. ಮಗ ಜೋಳಿಗೆ ಹಿಡಿಯಲಿಲ್ಲ, ಸ್ಪ್ಯಾನರ್ ಹಿಡಿದ. ಮಾವನವರು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು, ಇವರು ತಿರುಗಿ ಬೈದು ಹಗುರಾಗುತ್ತಿದ್ದರು. ಅವರು ಸುಮ್ಮನೆ ಇದ್ದು ಸುಮ್ಮನೆ ಹೋಗಿಬಿಟ್ಟರು, ಅಳುಕು ಇವರ ಒಳಗೇ ಕೂತಿತು. ಅದಕ್ಕೆ ಇವರು ಕಂಡುಕೊಂಡ ದಾರಿ ಅಮಾವಾಸ್ಯೆ ಪೂಜೆ.

ಅಮಾವಾಸ್ಯೆಯಲ್ಲಿ ಗಾಡಿಗೆ ಪೂಜೆ ಮಾಡುವುದು ನಮ್ಮ ಸೀಮೆಯಲ್ಲಿ ಎಲ್ಲರೂ ಮಾಡುವುದೇ. ನಿಂಬೆಹಣ್ಣು, ಊದುಬತ್ತಿ, ಒಂದು ಕಾಯಿ. ಇವರದು ಅಷ್ಟಕ್ಕೆ ಮುಗಿಯುತ್ತಿರಲಿಲ್ಲ. ಚಕ್ರದ ನಡುವೆ ಬೋಲ್ಟುಗಳನ್ನು ಮುಚ್ಚುವ ತಗಡಿನ ಬಟ್ಟಲಿಗೆ ಮೂರು ಬೆರಳಿನ ವಿಭೂತಿ, ಆಮೇಲೆ ಬಲಗಡೆಯ ಮುಂದಿನ ಚಕ್ರಕ್ಕೇ ಕಾಯಿ ಕುಟ್ಟಿ ಒಡೆದು, ನೀರನ್ನು ಆ ಬಟ್ಟಲಿನ ಮೇಲೆ ಧಾರೆಯಾಗಿ ಬಿಡುವುದು. ಲಿಂಗಕ್ಕೆ ಅಭಿಷೇಕ ಮಾಡಿದಷ್ಟೇ ಭಕ್ತಿಯಿಂದ. ತನ್ನ ಕೈಯಿಂದ ಹೊರಗೆ ಹೋದ ಪ್ರತಿ ಗಾಡಿಯ ಯಜಮಾನನಿಗೂ ಇದನ್ನು ಹೇಳಿಕೊಟ್ಟೇ ಕೀಲಿ ಕೊಡುತ್ತಿದ್ದರು. “ಕಾಯಿ ನೀರು ತಪ್ಪಿಸಬ್ಯಾಡಿ, ಚಕ್ರ ತಣ್ಣಗಿರ್ತದೆ.” ಅರಸೀಕೆರೆಯಲ್ಲಿ ಕಾಯಿಗೇನು ಬರವೇ? ಒಂದರ ಜಾಗದಲ್ಲಿ ಎರಡು ಒಡೆಯುವ ಜನ ನಾವು.

ನಮ್ಮ ಒಬ್ಬಳೇ ಮಗಳು ಅಕ್ಷತಾ. ಬಾಣಾವರಕ್ಕೆ ಕೊಟ್ಟಿದ್ದೇವೆ, ಅಳಿಯ ಶಶಿಧರನಿಗೆ ಅಲ್ಲಿ ಗೊಬ್ಬರದ ಅಂಗಡಿ. ಮದುವೆಯಲ್ಲಿ ಇವರು ಅವಳಿಗೆ ಕೊಟ್ಟದ್ದು ತಾವೇ ಬಿಚ್ಚಿ ಕಟ್ಟಿದ ಒಂದು ಹಸಿರು ಫಿಯೆಟ್ಟು. ಬೀಗರು ಮೂಗು ಮುರಿದರು, ಅವಳು ಮಾತ್ರ ಚಿನ್ನಕ್ಕಿಂತ ಹೆಚ್ಚಾಗಿ ನೋಡಿಕೊಂಡಳು. ಅವಳ ಮಗಳು ಸಿರಿ ಹುಟ್ಟಿ ಮನೆಗೆ ಬಂದದ್ದೂ ಅದರಲ್ಲೇ, ಈಗ ಸ್ಕೂಲಿಗೆ ಹೋಗುವುದೂ ಅದರಲ್ಲೇ. ಅಪ್ಪ ಹೇಳಿದ್ದನ್ನು ಅಕ್ಷತಾ ಒಂದಕ್ಷರ ಬಿಡುವವಳಲ್ಲ. ಗಾಡಿ ಓಡಿಸುವಾಗ ಫೋನು ಮುಟ್ಟಬಾರದು ಅಂದರೆ ಮುಟ್ಟುವುದಿಲ್ಲ, ಡಿಕ್ಕಿಯ ಬ್ಯಾಗಿನಲ್ಲಿ ಹಾಕಿಟ್ಟು ಹೊರಡುತ್ತಾಳೆ.

ಆ ಭಾನುವಾರ ಬೇಲೂರಿನಲ್ಲಿ ಹಳೇ ಕಾರುಗಳ ಮೆರವಣಿಗೆ ಇಟ್ಟುಕೊಂಡಿದ್ದರು. ಇವರು ಕಟ್ಟಿದ ಗಾಡಿಗಳೇ ಏಳೆಂಟು ಹೊರಟಿದ್ದವು. ಅಕ್ಷತಾ ಸಿರಿಯನ್ನು ಕೂರಿಸಿಕೊಂಡು ಬಾಣಾವರದಿಂದ ಜಾವಗಲ್, ಹಳೇಬೀಡು ಮೇಲೆ ಹೋಗುವುದೆಂದು ಮಾತಾಗಿತ್ತು. ನಾವೂ ಮಧ್ಯಾಹ್ನದ ಬಸ್ಸು ಹಿಡಿದು ಹೋಗುವವರಿದ್ದೆವು. ಶೆಡ್ಡಿಗೆ ಅಂಟಿದ ಮನೆಯಲ್ಲಿ ನಾನು ಚಪಾತಿ ಕಟ್ಟುತ್ತಿದ್ದೆ. ಅಷ್ಟರಲ್ಲಿ ಕೊಬ್ಬರಿ ಮಂಡಿಯ ಉಗ್ರಪ್ಪ ಬಂದ.

ಉಗ್ರಪ್ಪ ಇವರ ಬಾಲ್ಯದ ಗೆಳೆಯ. ಬಾಯಿ ದೊಡ್ಡದು, ಮನಸ್ಸೂ ದೊಡ್ಡದು. ತನ್ನ ಬಿಳಿ ಫಿಯೆಟ್ಟನ್ನು ಕೊಬ್ಬರಿ ಸಾಗಿಸುವ ಪಿಕಪ್ಪಿಗೆ ಹಗ್ಗ ಕಟ್ಟಿಸಿ ಎಳೆಸಿಕೊಂಡು ಬಂದಿದ್ದ.

“ಏನ್ಲಾ ಗಂಗಯ್ಯ, ಹತ್ತು ವರ್ಷ ಕೈ ಹಚ್ಚಬ್ಯಾಡ ಅಂದಿದ್ದೆ. ಬಲಗಡೆ ಚಕ್ರ ಪಂಚರ್ ಆಗೈತೆ. ಬೋಲ್ಟು ಅಲ್ಲಾಡ್ತಿಲ್ಲ, ಜೋರು ಮಾಡಿದ್ರೆ ನೀನು ಬೈತೀಯ ಅಂತ ಹುಡುಗ್ರು ಬಿಟ್ಟವ್ರೆ. ನನ್ನ ಮೆರವಣಿಗೇನೂ ಹೋಯ್ತು, ನಿನ್ನ ಮರ್ಯಾದೇನೂ ಹೋಯ್ತು!”

ಇವರ ಮುಖ ನೋಡಬೇಕಿತ್ತು. ಅಪ್ಪನ ಹೆಸರೆತ್ತಿ ಬೈದಿದ್ದರೂ ಅಷ್ಟು ಕೆಂಪಾಗುತ್ತಿರಲಿಲ್ಲ. “ನಾನು ಹಾಕಿದ್ ಬೋಲ್ಟು ಕಚ್ಚಿಕೊಳ್ಳಲ್ಲ. ನಿನ್ನ ಹುಡುಗರು ಅಡ್ಡಾದಿಡ್ಡಿ ಬಿಗಿದಿರ್ತಾರೆ, ಅಷ್ಟೇ” ಎಂದು ಅಂಗಿಯ ತೋಳು ಮಡಿಸಿ ಕೂತರು.

ಕೂತವರು ತಮ್ಮ ಪದ್ಧತಿಯನ್ನು ಬಿಡಲಿಲ್ಲ. ಚಕ್ರದ ನಡುವಿನ ಬಟ್ಟಲನ್ನು ಉಗ್ರಪ್ಪನ ಮನೆಯಲ್ಲೇ ತೆಗೆದಿದ್ದರು. ಇವರು ಬ್ರಷ್ಷು ಹಾಕಿದರು, ಎಣ್ಣೆ ಬಿಟ್ಟರು, ಕಾದರು, ತಟ್ಟಿದರು, ಬೆಂಕಿ ಉಗುಳುವ ಬ್ಲೋ ಲ್ಯಾಂಪಿನಿಂದ ಕಾಯಿಸಿದರು. ಸ್ಪ್ಯಾನರ್ ಸಿಕ್ಕಿಸಿ ಬಿಗಿಯುವ ಕಡೆಗೆ ಒಂದು ಎಳೆಯಷ್ಟು ಎಳೆದರು. ಅವರು ಬಲ ಹಾಕಲೇ ಇಲ್ಲ, ನಾನು ಎದುರಿಗೇ ನಿಂತಿದ್ದೆ. ಬೋಲ್ಟಿನ ತಲೆ ‘ಟಿಕ್’ ಎಂದು ಕಿತ್ತು ಅಂಗೈಗೆ ಬಂತು.

ಉಗ್ರಪ್ಪ ನಗಲು ಬಾಯಿ ತೆರೆದವನು ಇವರ ಮುಖ ನೋಡಿ ಮುಚ್ಚಿಕೊಂಡ. ಇವರು ಎರಡನೆಯದಕ್ಕೆ ಕೈ ಹಾಕಿದರು. ಅದೂ ಹಾಗೇ. ಮೂರನೆಯದು ಸ್ಪ್ಯಾನರ್ ತಾಗಿದ್ದಕ್ಕೇ ಬಿತ್ತು. ಮುರಿದ ಬೋಲ್ಟನ್ನು ಬೆಳಕಿಗೆ ಹಿಡಿದರು. ತಲೆ ಚೆನ್ನಾಗಿಯೇ ಇತ್ತು, ಕುತ್ತಿಗೆ ಮಾತ್ರ ಇಲಿ ಕಡಿದ ಹಗ್ಗದ ಹಾಗೆ ಸವೆದು ಸಣ್ಣಗಾಗಿತ್ತು. ಕುತ್ತಿಗೆಯ ಸುತ್ತ ಬೂದು ಬಣ್ಣದ ಗಟ್ಟಿ ಹಿಟ್ಟಿನಂಥದ್ದು ಮೆತ್ತಿಕೊಂಡಿತ್ತು. ಇವರು ಉಗುರಿನಿಂದ ಕೆರೆದು ಮೂಸಿದರು. ನಾಲಿಗೆಗೂ ಹಚ್ಚಿಕೊಂಡರು.

“ಥೂ, ಏನ್ರೀ ಅದು ತಿನ್ನೋದಾ?” ಎಂದೆ.

“ವಿಭೂತಿ” ಎಂದರು. ಇನ್ನೊಂದು ಬೋಲ್ಟಿನ ಕುತ್ತಿಗೆಯನ್ನೂ ಕೆರೆದು ನೋಡಿದರು. “ಹುಳಿ ಹಿಡಿದ ಕಾಯಿ ನೀರು, ವಿಭೂತಿ. ಬಟ್ಟಲಿನ ಒಳಗೆ ಹೋಗಿ ನಿಂತದೆ. ಹೊರಗೆ ಬರಕ್ಕೆ ದಾರಿ ಇಲ್ಲ. ಪ್ರತಿ ಅಮಾವಾಸ್ಯೆಗೂ ಮ್ಯಾಲೆ ಹೊಯ್ದಿದ್ದು ಒಳಗೇ ಕೂತು ತಿಂದದೆ.”

ಉಗ್ರಪ್ಪ ಮೆಲ್ಲಗೆ ಹೇಳಿದ, “ನೀನು ಹೇಳ್ದಂಗೇ ಮಾಡ್ದೆ ಕಣೋ ಗಂಗಯ್ಯ. ಒಂದು ಅಮಾಸೆನೂ ಬಿಟ್ಟಿಲ್ಲ.”

ಇವರು ಎದ್ದು ನಿಂತರು. ಕೈಯಲ್ಲಿದ್ದ ಬೋಲ್ಟು ಕೆಳಗೆ ಬಿತ್ತು. “ಅಕ್ಷತಾ” ಎಂದರು, ಅಷ್ಟೇ. ಇಡೀ ಜಿಲ್ಲೆಯಲ್ಲಿ ಅಮಾವಾಸ್ಯೆ ಪೂಜೆಯನ್ನು ಅವಳಷ್ಟು ಶ್ರದ್ಧೆಯಿಂದ ಮಾಡುವವರು ಇನ್ನೊಬ್ಬರಿಲ್ಲ.

ನಾನು ಫೋನು ಹಚ್ಚಿದೆ. ಹೊಡೆದುಕೊಂಡಿತು, ಹೊಡೆದುಕೊಂಡಿತು, ನಿಂತಿತು. ಮತ್ತೆ ಹಚ್ಚಿದೆ. ಅಳಿಯನಿಗೆ ಹಚ್ಚಿದರೆ, “ಈಗ ಹೊರಟ್ರು ಅತ್ತೆ, ಜಾವಗಲ್ ಕಡೆ ಹೋಗ್ತಿರ್ತಾರೆ. ಯಾಕೆ, ಏನಾಯ್ತು?” ಎಂದ. ಏನೆಂದು ಹೇಳಲಿ? ಗಾಡಿಯ ಚಕ್ರ ನಂಬುವ ಹಾಗಿಲ್ಲ, ಸಿಕ್ಕಿದವರಿಗೆ ಫೋನು ಮಾಡಿ ನಿಲ್ಲಿಸಲು ಹೇಳು ಎಂದೆ. ಆ ಕಡೆ ಏನೋ ಬಿದ್ದ ಸದ್ದು ಕೇಳಿಸಿತು. ಯಾರದಾದರೂ ಮೋಟಾರ್ ಸೈಕಲ್ಲು ಕೇಳಿ ತಂದು ಹಿಂದೆಯೇ ಹೊರಡುತ್ತೇನೆ ಎಂದ.

ಉಗ್ರಪ್ಪ ಪಿಕಪ್ಪಿನ ಹಗ್ಗ ಬಿಚ್ಚಿ ಬಿಸಾಕಿ ಸ್ಟೀರಿಂಗಿಗೆ ಕೂತುಬಿಟ್ಟಿದ್ದ. “ಹತ್ತಕ್ಕ ರುದ್ರಕ್ಕ, ಹತ್ತು!” ಇವರನ್ನು ನಡುವೆ ತಳ್ಳಿ ನಾನು ಬಾಗಿಲ ಕಡೆ ಕೂತೆ. ಶೆಡ್ಡಿನ ಬಾಗಿಲು ಹಾಕಿದೆವೋ ಇಲ್ಲವೋ, ಒಲೆಯ ಮೇಲಿನ ಹೆಂಚು ಇಳಿಸಿದೆನೋ ಇಲ್ಲವೋ, ಒಂದೂ ನೆನಪಿಲ್ಲ.

ಆ ದಾರಿ ನನ್ನ ವೈರಿಗೂ ಬೇಡ. ಎದುರಿಗೆ ಟ್ರ್ಯಾಕ್ಟರ್ ಬಂದರೆ ಶಿವಶಿವಾ ಅನ್ನುತ್ತಿದ್ದೆ, ಹಂಪ್ ಬಂದರೆ ಶಿವಶಿವಾ ಅನ್ನುತ್ತಿದ್ದೆ. ಪ್ರತಿ ಹಂಪಿನಲ್ಲೂ ಆ ಹಸಿರು ಗಾಡಿ ಇದನ್ನೇ ಹಾರಿಕೊಂಡು ಹೋಗಿದೆಯಲ್ಲ, ಆಗ ಆ ಬೋಲ್ಟು ಏನಾಯಿತೋ ಎನ್ನುವ ಯೋಚನೆ. ಇವರು ಅಂಗೈ ಉಜ್ಜಿಕೊಳ್ಳುತ್ತಾ ಒಂದೇ ಮಾತು ಹೇಳುತ್ತಿದ್ದರು. “ಕಂಪನ ಬಂದ್ರೆ ಅವಳಿಗೆ ಗೊತ್ತಾಗ್ತದೆ. ಸ್ಟೀರಿಂಗ್ ನಡುಗ್ತದೆ. ನಿಲ್ಲಿಸ್ತಾಳೆ.” ಸ್ವಲ್ಪ ಹೊತ್ತಿಗೆ, “ಒಂದು ಹೋದ್ರೆ ಉಳಿದೋವು ಹಿಡ್ಕತವೆ.” ಇನ್ನೂ ಸ್ವಲ್ಪ ಹೊತ್ತಿಗೆ, “ಎರಡು ಹೋದ್ರೆ...” ಎಂದು ನಿಲ್ಲಿಸಿದರು.

ನನಗೆ ತಡೆಯಲಾಗಲಿಲ್ಲ. “ನಿಮ್ಮ ಪೂಜೆಗಿಷ್ಟು ಬೆಂಕಿ ಹಾಕ! ಯಾವ ದೇವರು ಕೇಳಿದ್ದ ನಿಮ್ಮನ್ನ, ಕಬ್ಬಿಣಕ್ಕೆ ಅಭಿಷೇಕ ಮಾಡು ಅಂತ? ಒಂದೊಂದು ಬೋಲ್ಟಿಗೂ ಗ್ರೀಸು ಹಚ್ಚಿ ಮುದ್ದು ಮಾಡ್ತೀರಲ್ಲ, ವರ್ಷಕ್ಕೊಂದ್ಸಲ ಆ ಚಕ್ರ ಬಿಚ್ಚಿ ನೋಡಕ್ಕೆ ಏನು ರೋಗ ಬಂದಿತ್ತು? ಹತ್ತು ವರ್ಷ ಕೈ ಹಚ್ಚಬ್ಯಾಡವಂತೆ, ಹತ್ತು ವರ್ಷ!”

ಉಗ್ರಪ್ಪ, “ಆಮ್ಯಾಕೆ ಬೈಯುವಂತೆ ರುದ್ರಕ್ಕ, ಈಗ ಫೋನು ಮಾಡು” ಎಂದ.

ಆಗ ನೆನಪಾದವಳು ಶಿಲ್ಪಶ್ರೀ. ಅಕ್ಷತಾಳ ಜೊತೆ ಓದಿದವಳು, ಬಸ್ತಿಹಳ್ಳಿಗೆ ಮದುವೆಯಾಗಿ ಹೋಗಿದ್ದಾಳೆ. ಹಳೇಬೀಡು ಅಲ್ಲಿಂದ ಕೂಗಳತೆ. ಅವಳು ಮೊದಲನೇ ಸಲಕ್ಕೇ ಎತ್ತಿದಳು, ಪುಣ್ಯಾತ್ಗಿತ್ತಿ. ವಿಷಯ ಬಿಡಿಸಿ ಹೇಳುವಷ್ಟು ಹೊತ್ತಿರಲಿಲ್ಲ. “ಅಕ್ಷತಾಳ ಹಸಿರು ಗಾಡಿ. ನಿಲ್ಲಿಸು. ಅಡ್ಡ ನಿಂತಾದ್ರೂ ನಿಲ್ಲಿಸು” ಎಂದಷ್ಟೇ ಹೇಳಿದೆ. “ಸ್ಕೂಟಿ ತಗೊಂಡು ಬೇಲೂರು ರಸ್ತೆಗೆ ಹೋಯ್ತೀನಿ ಅಮ್ಮ” ಎಂದು ಇಟ್ಟಳು.

ಜಾವಗಲ್ ದಾಟಿದೆವು. ಫೋನು ಬಡಿಯಿತು. ಶಿಲ್ಪಶ್ರೀ.

“ಅಮ್ಮಾ, ಈಗ್ಲೇ ಬಂದ್ಲು. ಕೈ ಅಡ್ಡ ಹಿಡ್ದು ಕೂಗ್ದೆ. ನಾನು ಮೆರವಣಿಗೆಗೆ ಟಾಟಾ ಮಾಡ್ತಿದೀನಿ ಅಂದ್ಕೊಂಡ್ಲು ಕಣಮ್ಮ, ನಗ್ತಾ ಹಾರನ್ ಮಾಡಿ ಹೊರಟೋದ್ಲು. ಸಿರಿನೂ ಕಿಟಕೀಲಿ ಕೈ ಬೀಸ್ತು.”

“ಹಿಂದೆ ಹೋಗೇ!” ಎಂದು ಕಿರುಚಿದೆ. “ಹೋಗ್ತಾ ಇದೀನಿ” ಎಂದಳು, ಗಾಳಿಯ ಸದ್ದಿನಲ್ಲಿ ಮಿಕ್ಕದ್ದು ಕೇಳಿಸಲಿಲ್ಲ.

ಇವರು ನನ್ನ ಕೈಯಿಂದ ಫೋನು ಕಿತ್ತುಕೊಂಡು ಕಿವಿಗಿಟ್ಟುಕೊಂಡರು. ಆ ಕಡೆ ಕಟ್ಟಾಗಿತ್ತು. ಕಟ್ಟಾಗಿದ್ದ ಫೋನಿಗೇ, “ತಾಯೀ, ಜೋರಾಗಿ ಓಡಿಸಬ್ಯಾಡ ಅಂತ ಹೇಳು, ಬ್ರೇಕು ಒಮ್ಮೆಗೇ ಹಾಕಬ್ಯಾಡ ಅಂತ ಹೇಳು” ಎಂದರು. ನಾನು ಇವರ ಕಣ್ಣಲ್ಲಿ ನೀರು ನೋಡಿದ್ದು ಕಡಿಮೆ. ಮಾವನವರು ಹೋದಾಗಲೂ ನೋಡಿರಲಿಲ್ಲ. ಬೈಯುವುದನ್ನು ಬಿಟ್ಟು ಸೆರಗಿನಿಂದ ಇವರ ಮುಖ ಒರೆಸಿದೆ.

ಹಳೇಬೀಡಿನಲ್ಲಿ ಭಾನುವಾರದ ಜನ. ದೇವಸ್ಥಾನ ನೋಡಲು ಬಂದ ಬಸ್ಸುಗಳು ರಸ್ತೆ ತುಂಬಾ. ಒಂದು ಬಸ್ಸು ಹಿಂದಕ್ಕೆ ಬರುತ್ತಾ ಅಡ್ಡ ನಿಂತುಬಿಟ್ಟಿತು. ಉಗ್ರಪ್ಪ ಹಾರನ್ ಮೇಲಿಟ್ಟ ಕೈ ತೆಗೆಯಲಿಲ್ಲ. ಬಸ್ಸಿನ ಡ್ರೈವರ್ ತಲೆ ಹೊರಗೆ ಹಾಕಿ, “ಏನ್ಲಾ, ಹೆಣ ಹೊತ್ಕೊಂಡು ಹೋಯ್ತಿದೀಯಾ?” ಎಂದು ರೇಗಿದ. ಆ ಮಾತು ಕಿವಿಗೆ ಬಿದ್ದದ್ದೇ ನಾನು ಬಾಗಿಲು ತೆಗೆದು ಇಳಿದೆ. ಏನು ಬೈದೆನೋ ನನಗೆ ಗೊತ್ತಿಲ್ಲ, ಅವನ ಅಮ್ಮನಿಂದ ಹಿಡಿದು ಬಸ್ಸಿನ ಚಕ್ರದವರೆಗೆ ಬೈದಿರಬೇಕು. ಜನ ನಿಂತು ನೋಡಿದರು. ಅವನು ಬಸ್ಸು ತೆಗೆದ.

ಬೇಲೂರು ರಸ್ತೆಗೆ ಬಿದ್ದೆವು. ಎರಡು ಕಡೆ ರಾಗಿ ಹೊಲ, ನಡುವೆ ಅಲ್ಲಲ್ಲಿ ತೆಂಗು. ಶಿಲ್ಪಶ್ರೀಯ ಫೋನು ಎತ್ತುತ್ತಿರಲಿಲ್ಲ. ಅಕ್ಷತಾಳದು ಮೊದಲೇ ಇಲ್ಲ. ಒಂದು ತಿರುವು ದಾಟಿದ ಮೇಲೆ ದೂರದಲ್ಲಿ ಜನ ಗುಂಪುಗೂಡಿದ್ದು ಕಂಡಿತು. ರಸ್ತೆಯ ಬದಿ ಶಿಲ್ಪಶ್ರೀಯ ಸ್ಕೂಟಿ ನೆಲಕ್ಕೆ ಬಿದ್ದಿತ್ತು. ಅದರ ಮುಂದೆ ಹಸಿರು ಗಾಡಿ ಒಂದು ಕಡೆಗೆ ಮೂತಿ ಊರಿ ನಿಂತಿತ್ತು. ಬಲಗಡೆಯ ಮುಂದಿನ ಚಕ್ರ ಇರಲಿಲ್ಲ.

ಉಗ್ರಪ್ಪ ಪಿಕಪ್ಪು ನಿಲ್ಲಿಸುವ ಮೊದಲೇ ಇವರು ನನ್ನ ಮೇಲೆ ಹಾದು ಕೆಳಗೆ ಹಾರಿದರು. ಮುಗ್ಗರಿಸಿದರು, ಎದ್ದು ಓಡಿದರು. ಬಾಗಿಲು ಹಿಡಿದು ನಿಂತು, “ಸಿರೀ, ಸಿರೀ” ಎಂದು ಕೂಗಿದೆ. ಗುಂಪಿನೊಳಗಿನಿಂದ ಅಳುವ ಸದ್ದು ಬಂತು. ಮಗುವಿನ ಅಳು. ಲೋಕದಲ್ಲಿ ಯಾರಿಗಾದರೂ ಮಗುವಿನ ಅಳು ಕೇಳಿ ಅಷ್ಟು ಸಂತೋಷವಾಗಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ.

ಅಕ್ಷತಾ ರಸ್ತೆಯ ಬದಿಯ ಹುಲ್ಲಿನ ಮೇಲೆ ಕೂತಿದ್ದಳು. ತೊಡೆಯ ಮೇಲೆ ಸಿರಿ. ಮಗುವಿನ ತುಟಿ ಒಡೆದು ಹಳದಿ ಫ್ರಾಕಿನ ಮುಂಭಾಗವೆಲ್ಲ ರಕ್ತವಾಗಿತ್ತು, ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಊತ. ಕೈಕಾಲು ನೆಟ್ಟಗಿದ್ದವು. ಮೈಯೆಲ್ಲ ಮುಟ್ಟಿ ಮುಟ್ಟಿ ನೋಡಿದೆ. ಅಕ್ಷತಾಳ ಬಲಗೈ ಮಣಿಕಟ್ಟು ಬಾತಿತ್ತು, ಅದನ್ನು ಅವಳು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು.

ಶಿಲ್ಪಶ್ರೀಯೇ ಹೇಳಿದ್ದು. ತಾನು ಹಿಂದಿನಿಂದ ಹಾರನ್ ಹೊಡೆದುಕೊಂಡು ಬಂದದ್ದನ್ನು ನೋಡಿ, ಏನೋ ಅವಸರ ಇರಬೇಕೆಂದು ಅಕ್ಷತಾ ಗಾಡಿಯನ್ನು ನಿಧಾನ ಮಾಡಿದ್ದಾಳೆ. ಪೂರ್ತಿ ನಿಲ್ಲುವುದರೊಳಗೆ ಚಕ್ರ ಕಳಚಿ ಮುಂದೆ ಓಡಿಹೋಯಿತಂತೆ. ಗಾಡಿ ನೆಲಕ್ಕೆ ಕುಸಿದು ಉಜ್ಜಿಕೊಂಡು ಹೋಗಿ ಹಳ್ಳದ ಅಂಚಿನಲ್ಲಿ ನಿಂತಿತು. ಅದನ್ನು ನೋಡಿ ಶಿಲ್ಪಶ್ರೀಯೂ ಸ್ಕೂಟಿ ಬಿಟ್ಟು ಬಿದ್ದಿದ್ದಾಳೆ, ಅವಳ ಮೊಣಕಾಲಿನ ಚರ್ಮ ಕಿತ್ತು ಹೋಗಿತ್ತು. ಮುಂಚಿನ ವೇಗದಲ್ಲೇ ಹೋಗಿದ್ದರೆ ಎನ್ನುವ ಮಾತನ್ನು ಅವಳೂ ಆಡಲಿಲ್ಲ, ನಾವೂ ಕೇಳಲಿಲ್ಲ.

ಇವರು ಮಗಳ ಎದುರಿಗೆ ಮಣ್ಣಿನಲ್ಲಿ ಕುಕ್ಕರಿಸಿದ್ದರು. ಗಾಡಿಯ ಕಡೆಗೆ, ಚಕ್ರದ ಕಡೆಗೆ ತಿರುಗಿಯೂ ನೋಡಿರಲಿಲ್ಲ. ಮಗುವನ್ನು ಮುಟ್ಟಲು ಕೈ ಚಾಚಿ ಹಿಂದಕ್ಕೆ ಎಳೆದುಕೊಂಡರು.

ಅಕ್ಷತಾ ಇವರನ್ನು ನೋಡಿದ್ದೇ ಅಳಲು ಶುರು ಮಾಡಿದಳು. ಅಲ್ಲಿಯವರೆಗೆ ಅತ್ತಿರಲಿಲ್ಲವಂತೆ.

“ಅಪ್ಪಾ, ಒಂದು ಅಮಾವಾಸ್ಯೆನೂ ತಪ್ಪಿಸಿಲ್ಲ ಅಪ್ಪ. ನಿಮ್ಮಾಣೆ. ಮುಟ್ಟಾದ ತಿಂಗಳು ಅವರ ಕೈಲಿ ಮಾಡಿಸಿದೀನಿ. ಮೊನ್ನೆನೂ ಮೆರವಣಿಗೆಗೆ ಹೋಗೋದಿದೆ ಅಂತ ಎರಡು ಕಾಯಿ ನೀರು ಹೊಯ್ದೆ. ನಾನು ಏನು ಕಮ್ಮಿ ಮಾಡಿದೆ ಅಂತ ಹಿಂಗಾಯ್ತಪ್ಪ?”

ಶಿವನೇ, ಆ ಮಾತನ್ನು ನಾನು ಹೇಗೆ ಕೇಳಿಸಿಕೊಂಡೆನೋ. ತುಟಿ ಒಡೆದ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಮಗಳು ತಪ್ಪು ತನ್ನದೆಂದು ಅಳುತ್ತಿದ್ದಾಳೆ. ನಾನು ಇವರ ಮುಖ ನೋಡಿದೆ. ಈಗ ಹೇಳದೆ ಹೋದರೆ, ಬೋಲ್ಟು ಹಳೇದಾಗಿತ್ತು ಎಂದೋ ರಸ್ತೆ ಸರಿಯಿಲ್ಲ ಎಂದೋ ಜಾರಿಕೊಂಡರೆ, ಈ ಮನುಷ್ಯನ ಜೊತೆ ನಾನು ಇನ್ನು ಬಾಳುವುದಿಲ್ಲ ಎಂದು ಅಲ್ಲೇ ಅಂದುಕೊಂಡೆ. ನಿಜವಾಗಿಯೂ ಅಂದುಕೊಂಡೆ.

“ನೀನು ಕಮ್ಮಿ ಮಾಡಿಲ್ಲ ಮಗಳೇ” ಎಂದರು. “ನಾನು ಹೇಳಿದ್ದನ್ನ ಪೂರ್ತಿ ಮಾಡಿದೀಯ. ಅದಕ್ಕೇ ಆಗಿದ್ದು. ಕಾಯಿ ನೀರು ಬೋಲ್ಟನ್ನ ತಿಂದಾಕ್ತು. ಹೇಳಿಕೊಟ್ಟೋನು ನಾನು.”

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಉಗ್ರಪ್ಪ ಹೊಲಕ್ಕಿಳಿದು ಚಕ್ರವನ್ನು ಉರುಳಿಸಿಕೊಂಡು ಬಂದು ಎದುರಿಗೆ ಮಲಗಿಸಿದ. ಬಟ್ಟಲು ಕಿತ್ತುಹೋಗಿತ್ತು, ಒಳಗೆ ಅದೇ ಬೂದು ಹಿಟ್ಟು. ಮೊನ್ನೆ ಸೋರಿ ಒಳಗಿಳಿದ ವಿಭೂತಿ ಇನ್ನೂ ಬೆಳ್ಳಗಿತ್ತು. ಅಕ್ಷತಾ ಅದನ್ನು ನೋಡಿದಳು, ಅಪ್ಪನನ್ನು ನೋಡಿದಳು. ಹುಟ್ಟಿದಾಗಿನಿಂದ ಅಪ್ಪನಿಗೆ ಎದುರು ಮಾತಾಡಿದವಳಲ್ಲ.

“ಸಿರಿ ಕೂತಿದ್ದಳು ಅಪ್ಪ” ಎಂದಳು. ಆಮೇಲೆ ಗಟ್ಟಿಯಾಗಿ, ಇಡೀ ಗುಂಪಿಗೆ ಕೇಳುವ ಹಾಗೆ, “ಸಿರಿ ಕೂತಿದ್ದಳು! ದಿನಾ ಕೂತ್ಕೋತಾಳೆ!”

ಇವರು ತಲೆ ತಗ್ಗಿಸಿಕೊಂಡು, “ಹೂಂ” ಎಂದರು. ಕ್ಷಮಿಸು ಎಂದು ಕೇಳಲೂ ಬಾಯಿ ಬರಲಿಲ್ಲ. ನನಗೆ ಇವರ ಮೇಲೆ ಸಿಟ್ಟೂ ಬಂತು, ಮರುಕವೂ ಬಂತು.

ಅಷ್ಟರಲ್ಲಿ ಶಶಿಧರ ಮೋಟಾರ್ ಸೈಕಲ್ಲಿನಲ್ಲಿ ಬಂದ. ಹೆಂಡತಿಯನ್ನೂ ಮಗಳನ್ನೂ ನೋಡಿ ಅಲ್ಲೇ ರಸ್ತೆಯಲ್ಲಿ ಕೂತುಬಿಟ್ಟ. ಆಸ್ಪತ್ರೆಗೆ ಹೊರಡುವ ಮಾತಾಯಿತು, ಉಗ್ರಪ್ಪ ಪಿಕಪ್ಪಿನ ಹಿಂದೆ ಗೋಣಿಚೀಲ ಹಾಸಿದ. ಅಕ್ಷತಾ ಎದ್ದವಳು ತಟ್ಟನೆ ನಿಂತಳು.

“ಅಪ್ಪ, ಬೇಲೂರಲ್ಲಿ ಉಳಿದವರು?”

ಇವರು ತಲೆ ಎತ್ತಿದರು. ನನಗೂ ಆಗಲೇ ಹೊಳೆದದ್ದು. ಇವರು ಕಟ್ಟಿದ ಗಾಡಿಗಳು, ಇವರು ಹೇಳಿಕೊಟ್ಟ ಪೂಜೆ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಅವರೆಲ್ಲ ಈ ಹೊತ್ತಿಗೆ ಬೇಲೂರಿನಿಂದ ಹೊರಡುವ ಸಮಯ. ಅಕ್ಷತಾ ಡಿಕ್ಕಿ ತೆಗೆಸಿ ಬ್ಯಾಗಿನಿಂದ ತನ್ನ ಫೋನು ತೆಗೆದು, ಬಾತ ಕೈಯಿಂದಲೇ ಇವರ ಮುಂದೆ ಹಿಡಿದಳು. ಮೆರವಣಿಗೆಯವರ ನಂಬರೆಲ್ಲ ಅದರಲ್ಲಿದ್ದವು.

ಮೊದಲು ಸಿಕ್ಕವನು ಉದಯಕುಮಾರ್. ತೋಟದ ಸಾಹುಕಾರ. ಇವರು ಕಟ್ಟಿಕೊಟ್ಟ ಕಪ್ಪು ಗಾಡಿಯನ್ನು ಊರೆಲ್ಲ ತೋರಿಸಿ, ಗಂಗಯ್ಯನವರ ಕೈ ಅಂದರೆ ಕೈ ಎಂದು ಹೊಗಳಿಕೊಂಡು ತಿರುಗುವವನು. ಆ ಕಡೆ ವಾದ್ಯದ ಸದ್ದು, ಮಕ್ಕಳ ಗಲಾಟೆ ನಮಗೂ ಕೇಳಿಸುತ್ತಿತ್ತು.

“ಎಲ್ಲಿದೀರಿ ಗಂಗಯ್ಯನವ್ರೇ? ಈಗ ಬಾವುಟ ತೋರಿಸ್ತಾರೆ. ನಿಮ್ಮ ಹೆಸರು ಮೈಕಿನಲ್ಲಿ ಹೇಳಿಸ್ತಾ ಇದೀನಿ, ಬೇಗ ಬನ್ನಿ!”

“ಸಾಹುಕಾರ್ರೇ, ಗಾಡಿ ಹೊರಡಿಸಬ್ಯಾಡಿ” ಎಂದರು ಇವರು. “ನಾನು ಕಟ್ಟಿರೋ ಗಾಡಿ ಒಂದೂ ಹೊರಡಬಾರದು. ಮೈಕಿನಲ್ಲಿ ಅದನ್ನ ಹೇಳಿಸಿ.”

“ಏನ್ರೀ ಹಂಗಂದ್ರೆ? ಎಲ್ಲಾರೂ ಹತ್ತಿ ಕೂತವ್ರೆ. ಯಾಕೆ ಅಂತ ಹೇಳಿ ಮೊದ್ಲು.”

ಇವರು ಒಂದು ಸಲ ಸಿರಿಯ ಕಡೆ ನೋಡಿದರು. ಅವಳು ಶಶಿಧರನ ಹೆಗಲ ಮೇಲೆ ಮುಖ ಇಟ್ಟು ಬಿಕ್ಕುತ್ತಿದ್ದಳು.

“ತಪ್ಪು ನಂದು, ಆಮೇಲೆ ಹೇಳ್ತೀನಿ, ಎಷ್ಟು ಬೇಕಾದ್ರೂ ಬೈಯೀರಂತೆ” ಎಂದರು. “ಮೊದ್ಲು ಮಕ್ಕಳನ್ನ ಕೆಳಗಿಳಿಸ್ರೀ.”